ಮನೆ ಸರ್ವರ್‌ನಲ್ಲಿ ಫೈಲ್ ಷೇರಿಂಗ್: ಮೊದಲು ಕರೆಂಟು, ಆಮೇಲೆ ಸಾಂಬಾ

ಲಿನಕ್ಸ್ ಯಂತ್ರದ ಫೋಲ್ಡರನ್ನು ಮನೆಯ ಉಳಿದ ಕಂಪ್ಯೂಟರುಗಳಿಗೆ ಹಂಚುವ ತಂತ್ರಾಂಶ ಸಾಂಬಾ. ಅದನ್ನು ಹಾಕಿಕೊಂಡು ಒಂದು ಫೋಲ್ಡರ್ ಹಂಚುವುದು ಹತ್ತು ನಿಮಿಷದ ಕೆಲಸ. ಆ ಫೋಲ್ಡರ್ ದಾವಣಗೆರೆಯ ಒಂದು ಬೇಸಿಗೆ ದಾಟಿ, ಮನೆಯವರೆಲ್ಲ ಯಾರನ್ನೂ ಕೇಳದೆ ತಮ್ಮ ತಮ್ಮ ಕಂಪ್ಯೂಟರಿನಿಂದ ತೆರೆಯುವ ಹಾಗೆ ಉಳಿಯುವುದು ಬೇರೆಯೇ ಕೆಲಸ. ಷೇರ್ (ಹಂಚಿದ ಫೋಲ್ಡರ್) ಓಪನ್ ಆಗ್ತಿಲ್ಲ ಅಂದ ಕೂಡಲೇ ಎಲ್ಲರೂ ಸಾಂಬಾದ ಸೆಟ್ಟಿಂಗ್ ಫೈಲ್ ತಿದ್ದಲು ಕೂರುತ್ತಾರೆ. ತಪ್ಪು ಅಲ್ಲಿರುವುದು ಅಪರೂಪ. ಕರೆಂಟು, ಕೇಬಲ್ಲು, ಡಿಸ್ಕ್ ಮೌಂಟ್ ಆದ (ಒಂದು ಫೋಲ್ಡರಿಗೆ ಜೋಡಣೆಯಾದ) ರೀತಿ, ಲಿನಕ್ಸ್ ಪರ್ಮಿಷನ್ ಇವುಗಳಲ್ಲಿ ಯಾವುದೋ ಒಂದು ಕೈಕೊಟ್ಟಿರುತ್ತದೆ. ಆದ್ದರಿಂದ ಇಲ್ಲಿ ಕೆಳಗಿನಿಂದಲೇ ಶುರು ಮಾಡುತ್ತೇನೆ. ಡೆಬಿಯನ್ ಅಥವಾ ಉಬುಂಟು ಎಂಬ ಲಿನಕ್ಸ್ ಹಾಕಿದ ಒಂದು ಯಂತ್ರ, ಮನೆಯಲ್ಲಿ ಎರಡು ಮೂರು ವಿಂಡೋಸ್ ಕಂಪ್ಯೂಟರ್, ನಾಲ್ಕಾರು ಫೋನು, ಒಂದು ಟಿವಿ ಇವೆ ಅಂತ ಇಟ್ಟುಕೊಂಡಿದ್ದೇನೆ. ಆಜ್ಞೆಗಳನ್ನು ಓದಲು ಸಲೀಸಾಗಲೆಂದು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಟೈಪ್ ಮಾಡಬೇಕು.

ಯಂತ್ರ ಮತ್ತು ಕರೆಂಟು

ಇದಕ್ಕಾಗಿ ಹೊಸ ಯಂತ್ರ ಕೊಳ್ಳಬೇಕಿಲ್ಲ. ಫೈಲ್ ಹಂಚುವುದಕ್ಕೆ 4 ಜಿಬಿ ರ‍್ಯಾಮ್ ಧಾರಾಳ. ಹಳೇ ಡೆಸ್ಕ್‌ಟಾಪ್ ಸುಮ್ಮನೆ ಕೂತಿದ್ದಾಗಲೇ 30 ವ್ಯಾಟ್ ಎಳೆದರೆ ತಿಂಗಳಿಗೆ 21.6 ಯೂನಿಟ್ ಆಯಿತು. ಅದೇ 10 ವ್ಯಾಟ್ ಎಳೆಯುವ ಹಳೇ ಲ್ಯಾಪ್‌ಟಾಪಾದರೆ 7.2 ಯೂನಿಟ್. ನನ್ನ ಒಲವು ಲ್ಯಾಪ್‌ಟಾಪಿನ ಕಡೆಗೆ. ಬ್ಯಾಟರಿ ಅದರೊಳಗೇ ಇರುವುದರಿಂದ ಬೇರೆ ಯುಪಿಎಸ್ ಬೇಡ. ಆದರೆ ಎರಡು ಷರತ್ತು: ಯುಎಸ್‌ಬಿ 3 ಇರಬೇಕು, ಲ್ಯಾನ್ ಪೋರ್ಟ್ ಗಿಗಾಬಿಟ್ ಆಗಿರಬೇಕು. ಮುಚ್ಚಳ ಮುಚ್ಚಿದರೆ ನಿದ್ದೆಗೆ ಹೋಗದಂತೆ ಲಾಗಿನ್‌ಡಿ ಡಾಟ್ ಕಾನ್ಫ್ ಫೈಲಿನಲ್ಲಿ ಹ್ಯಾಂಡಲ್‌ಲಿಡ್‌ಸ್ವಿಚ್ ಎಂಬ ಸಾಲನ್ನು HandleLidSwitch=ignore ಎಂದು ಬರೆಯಿರಿ (ಇಲ್ಲಿ ದೊಡ್ಡಕ್ಷರ ಹೀಗೇ ಇರಬೇಕು). ಬ್ಯಾಟರಿ ಚಾರ್ಜನ್ನು 80 ಶೇಕಡಕ್ಕೆ ನಿಲ್ಲಿಸುವ ಸೌಲಭ್ಯ ಇದ್ದರೆ ಹಾಕಿ. ಸದಾ ನೂರಕ್ಕೆ ನೂರು ತುಂಬಿ ಬಿಸಿಯಲ್ಲಿ ಕೂತ ಲಿಥಿಯಂ ಬ್ಯಾಟರಿ ಬೇಗ ಉಬ್ಬುತ್ತದೆ. ಉಬ್ಬಿದ್ದು ಕಂಡರೆ ಅವತ್ತೇ ತೆಗೆಯಿಸಿ.

ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಇಡುವವರು 4 ಅಥವಾ 5 ಇಡಿ. ಪೈ 3ರಲ್ಲಿ ಲ್ಯಾನ್ ಮತ್ತು ಯುಎಸ್‌ಬಿ ಎರಡೂ ಒಂದೇ ಯುಎಸ್‌ಬಿ 2 ದಾರಿಯಲ್ಲಿ ಹೋಗುತ್ತವೆ. ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ ಕೊಡುವುದು 1.2 ಆಂಪಿಯರ್ ಮಾತ್ರ. ಎರಡೂವರೆ ಇಂಚಿನ ಒಂದು ಡಿಸ್ಕ್ ತಿರುಗಲು ಶುರುವಾಗುವಾಗ ಹತ್ತಿರ ಹತ್ತಿರ 1 ಆಂಪಿಯರ್ ಕೇಳುತ್ತದೆ. ಎರಡನೆಯದನ್ನೂ ಚುಚ್ಚಿದರೆ ಎರಡೂ ಬಿಟ್ಟು ಬಿಟ್ಟು ಮಾಯವಾಗುತ್ತವೆ. ಅಂಥಲ್ಲಿ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಬೇಕು.

ಇನ್ವರ್ಟರ್ ಇದೆಯಲ್ಲ, ಸಾಕು ಅನ್ನುವವರು ಅದರ ಹಿಂದಿನ ಅಥವಾ ಮುಂದಿನ ಸ್ವಿಚ್ ನೋಡಿ. ಬಹಳಷ್ಟು ಮನೆ ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್ ಮತ್ತು ಮಾಮೂಲಿ ಮೋಡ್ ಎರಡೂ ಇರುತ್ತವೆ. ಮಾಮೂಲಿ ಮೋಡಿನಲ್ಲಿ ಬದಲಾಗಲು ತಗಲುವ ಹೊತ್ತು ಫ್ಯಾನು, ಬಲ್ಬಿಗೆ ಗೊತ್ತಾಗುವುದಿಲ್ಲ, ಡೆಸ್ಕ್‌ಟಾಪ್ ಮಾತ್ರ ರೀಸ್ಟಾರ್ಟ್ ಆಗುತ್ತದೆ. ಯುಪಿಎಸ್ ಮೋಡಿಗೆ ಹಾಕಿದರೆ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಇನ್ನೊಂದು ವಿಷಯ ಮರೆಯುವಂಥದ್ದು: ಸರ್ವರ್ ಬ್ಯಾಟರಿ ಮೇಲೆ ಓಡುತ್ತಿದ್ದರೂ ರೂಟರ್ ಮೇನ್ಸ್ ಪಾಯಿಂಟಿನಲ್ಲಿದ್ದರೆ ಷೇರ್ ಸಿಗುವುದಿಲ್ಲ. ಲ್ಯಾಪ್‌ಟಾಪಿಗೆ ಜೋಡಿಸಿದ ಮೂರೂವರೆ ಇಂಚಿನ ಡಿಸ್ಕ್‌ಗೆ ಗೋಡೆಯ ಪ್ಲಗ್ಗಿನಿಂದ ಬೇರೆ ಅಡಾಪ್ಟರ್ ಬರುತ್ತದೆ. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಉಳಿದು ಡಿಸ್ಕ್ ಬರೆಯುತ್ತಿರುವಾಗಲೇ ಆರಿಹೋಗುತ್ತದೆ. ಲ್ಯಾಪ್‌ಟಾಪ್ ಸರ್ವರಿಗೆ ಯುಎಸ್‌ಬಿಯಿಂದಲೇ ಕರೆಂಟ್ ತೆಗೆದುಕೊಳ್ಳುವ ಎರಡೂವರೆ ಇಂಚಿನ ಡಿಸ್ಕೇ ಸರಿ. ಡೆಸ್ಕ್‌ಟಾಪ್ ಆದರೆ ಬಯೋಸ್‌ನಲ್ಲಿ, ಕರೆಂಟ್ ಬಂದ ಮೇಲೆ ತಾನಾಗಿ ಆನ್ ಆಗುವ ಆಯ್ಕೆಯನ್ನು ಹುಡುಕಿ ಹಾಕಿಡಿ. ಇಲ್ಲದಿದ್ದರೆ ನೀವು ಊರಲ್ಲಿಲ್ಲದ ದಿನ ಮನೆಯವರು ಬಟನ್ ಒತ್ತುವ ತನಕ ಷೇರ್ ಇಲ್ಲ.

ಜಾಗದ ವಿಚಾರ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ಆಸುಪಾಸಿಗೆ ಹೋಗುತ್ತದೆ. ಆರ್‌ಸಿಸಿ ಕೆಳಗಿನ ಸಜ್ಜಾದ ಮೇಲೆ ಅದಕ್ಕಿಂತ ಹೆಚ್ಚು. ಬಹುತೇಕ ಹಾರ್ಡ್ ಡಿಸ್ಕ್‌ಗಳ ಮಿತಿ 60 ಡಿಗ್ರಿ ಎಂದು ಬರೆದಿರುತ್ತದೆ, ಆದರೆ 50 ದಾಟಿದರೆ ಜಾಗ ಬದಲಿಸುವುದೇ ಒಳ್ಳೆಯದು. ಸ್ಮಾರ್ಟ್‌ಸಿಟಿಎಲ್ ಎಂಬ ಆಜ್ಞೆ ಡಿಸ್ಕಿನ ಉಷ್ಣತೆ ಹೇಳುತ್ತದೆ. ಯುಎಸ್‌ಬಿ ಡಿಸ್ಕ್ ಉತ್ತರ ಕೊಡದಿದ್ದರೆ ಜೊತೆಗೆ ಮೈನಸ್ ಡಿ ಸ್ಯಾಟ್ ಸೇರಿಸಿ. ಇನ್ವರ್ಟರ್ ಬ್ಯಾಟರಿ ಪಕ್ಕದ ಮೂಲೆ ಖಾಲಿ ಇದೆ ಅಂತ ಅಲ್ಲಿಡಬೇಡಿ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಏಳುವ ಆಸಿಡ್ ಆವಿ ಪೋರ್ಟು, ಪಿನ್ನುಗಳನ್ನು ತಿನ್ನುತ್ತದೆ. ಮಂಡಕ್ಕಿ ಭಟ್ಟಿಗಳ ಸುತ್ತಲಿನ ಓಣಿಗಳಲ್ಲಿ ಮಸಿ ಮತ್ತು ಹೊಟ್ಟಿನ ಬೂದಿ ಫ್ಯಾನಿನ ರೆಕ್ಕೆಗೆ ಅಂಟಿಕೊಳ್ಳುತ್ತದೆ. ಅಲ್ಲಿ ಮೂರು ತಿಂಗಳಿಗೊಮ್ಮೆ ಬಿಚ್ಚಿ ಬ್ರಷ್ ಆಡಿಸಲೇಬೇಕು, ಊದಿದರೆ ಹೋಗುವ ಧೂಳಲ್ಲ ಅದು.

ಕೇಬಲ್ಲು ಮತ್ತು ವಿಳಾಸ

ಸರ್ವರಿಗೆ ವೈಫೈ ಬೇಡ. ಉಳಿದವರು ವೈಫೈಯಲ್ಲಿರಲಿ, ಸರ್ವರಿನಿಂದ ರೂಟರಿಗೆ ಕೇಬಲ್ ಇರಲಿ. ಚಿತ್ರದುರ್ಗದ ಕೋಟೆ ಕೆಳಗಿನ ಹಳೇ ಊರಿನ ಕಲ್ಲುಗೋಡೆ ಮನೆಗಳಲ್ಲಿ ವೈಫೈ ಎರಡನೇ ಕೋಣೆಗೇ ಸೊರಗುತ್ತದೆ. ಅಂಥ ಮನೆಯಲ್ಲಿ ಕೇಬಲ್ ಬಿಟ್ಟರೆ ಬೇರೆ ದಾರಿ ಇಲ್ಲ.

100 ಎಂಬಿಪಿಎಸ್ ಲಿಂಕಿನಲ್ಲಿ ಸೆಕೆಂಡಿಗೆ 11 ಮೆಗಾಬೈಟ್ ಹೋದರೆ ಹೆಚ್ಚು. ಗಿಗಾಬಿಟ್ಟಿನಲ್ಲಿ 110ರ ತನಕ ಹೋಗುತ್ತದೆ. ಮದುವೆ ಫೋಟೋ ತುಂಬಿದ 64 ಜಿಬಿ ಕಾರ್ಡನ್ನು ಸರ್ವರಿಗೆ ಹಾಕಲು ಮೊದಲನೆಯದರಲ್ಲಿ ಒಂದು ಗಂಟೆ ನಲವತ್ತು ನಿಮಿಷದ ಹತ್ತಿರ, ಎರಡನೆಯದರಲ್ಲಿ ಹತ್ತು ನಿಮಿಷ. ಇಂಟರ್ನೆಟ್ ಕಂಪನಿಯವರು ಕೊಡುವ ಎಷ್ಟೋ ರೂಟರ್‌ಗಳ ಲ್ಯಾನ್ ಪೋರ್ಟ್ 100ರದ್ದೇ. ಹಾಗಿದ್ದರೆ ಐದು ಪೋರ್ಟಿನ ಒಂದು ಗಿಗಾಬಿಟ್ ಸ್ವಿಚ್ ತಂದು, ಸರ್ವರ್ ಮತ್ತು ಡೆಸ್ಕ್‌ಟಾಪನ್ನು ಅದಕ್ಕೆ ಚುಚ್ಚಿ, ಒಂದು ವೈರನ್ನು ರೂಟರಿಗೆ ಕೊಡಿ. ಆ ಎರಡರ ನಡುವಿನ ಫೈಲುಗಳು ರೂಟರಿಗೆ ಹೋಗದೆ ಸ್ವಿಚ್ಚಿನಲ್ಲೇ ಓಡಾಡುತ್ತವೆ.

ಎಲ್ಲ ಗಿಗಾಬಿಟ್ ಇದ್ದೂ ವೇಗ 11ಕ್ಕೇ ನಿಂತಿದ್ದರೆ ಎತ್‌ಟೂಲ್ ಹೊಡೆದು ಸ್ಪೀಡ್ ಸಾಲು ನೋಡಿ. 100 ಅಂತ ಬಂದರೆ ಕೇಬಲ್ಲಿನ ತುದಿ ನೋಡಬೇಕು. ಗಿಗಾಬಿಟ್ಟಿಗೆ ಎಂಟೂ ತಂತಿ ಬೇಕು, 100ಕ್ಕೆ ನಾಲ್ಕೇ ಸಾಕು. ಸಿಸಿಟಿವಿ ಹಾಕುವವರು ಎಷ್ಟೋ ಸಲ 1, 2, 3, 6ನೇ ಪಿನ್ನಿಗೆ ಮಾತ್ರ ತಂತಿ ಒತ್ತಿ ಉಳಿದ ನಾಲ್ಕನ್ನು ಕತ್ತರಿಸಿಬಿಡುತ್ತಾರೆ. ಕ್ಯಾಮೆರಾಗೆ ಅಷ್ಟು ಸಾಕು. ಮನೆಯಲ್ಲಿ ಉಳಿದ ಆ ಕೇಬಲ್ ತುಂಡನ್ನು ಸರ್ವರಿಗೆ ಹಾಕಿದರೆ ಏನೂ ಕೆಟ್ಟಂತೆ ಕಾಣುವುದಿಲ್ಲ, ವೇಗ ಮಾತ್ರ ಹತ್ತರಲ್ಲೊಂದು ಪಾಲು. ಪಾರದರ್ಶಕ ಕನೆಕ್ಟರನ್ನು ಬೆಳಕಿಗೆ ಹಿಡಿದರೆ ಎಂಟು ಬಣ್ಣ ಇವೆಯೋ ನಾಲ್ಕೋ ಗೊತ್ತಾಗುತ್ತದೆ. ತಾಮ್ರ ಬಳಿದ ಅಲ್ಯುಮಿನಿಯಂ ಕೇಬಲ್ ಅಗ್ಗ, ಆದರೆ ಕ್ರಿಂಪ್ ಮಾಡಿದ ಜಾಗದಲ್ಲಿ ಮುರಿಯುತ್ತದೆ. ಗೋಡೆಯೊಳಗೆ ಹೋಗುವುದಾದರೆ ಶುದ್ಧ ತಾಮ್ರದ ಕ್ಯಾಟ್ 6 ಹಾಕಿಸಿ.

ವಿಳಾಸ ಬದಲಾಗಬಾರದು. ರೂಟರಿನ ಡಿಎಚ್‌ಸಿಪಿ (ವಿಳಾಸ ಹಂಚುವ) ಪುಟದಲ್ಲಿ ಸರ್ವರಿನ ಮ್ಯಾಕ್ ವಿಳಾಸಕ್ಕೆ (ಲ್ಯಾನ್ ಪೋರ್ಟಿನ ಕಾಯಂ ಗುರುತಿಗೆ) ಒಂದು ಐಪಿ ಕಾಯ್ದಿರಿಸಿ, ಉದಾಹರಣೆಗೆ 192.168.1.10. ಮನೆಯಲ್ಲಿ ಕಂಪನಿಯ ಫೈಬರ್ ಡಬ್ಬಿಯೂ ಅದಕ್ಕೆ ಚುಚ್ಚಿದ ಸ್ವಂತ ರೂಟರೂ ಇದ್ದರೆ ನಿಂತು ನೋಡಿ. ಎರಡೂ ರೂಟರ್ ಆಗಿಯೇ ಕೆಲಸ ಮಾಡುತ್ತಿದ್ದರೆ ಒಂದರ ಕೆಳಗಿನವರು 192.168.1ರಲ್ಲಿ, ಇನ್ನೊಂದರ ಕೆಳಗಿನವರು 192.168.0ಯಲ್ಲಿ ಇರುತ್ತಾರೆ. ಇಂಟರ್ನೆಟ್ ಎಲ್ಲರಿಗೂ ಬರುತ್ತದೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಷೇರ್ ಮಾತ್ರ ಮಹಡಿ ಮೇಲೆ ಸಿಕ್ಕಿ ಕೆಳಗೆ ಸಿಗದು. ಎರಡನೆಯ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ ಬದಲಿಸಿದರೆ ಮುಗಿಯಿತು. ಗೆಸ್ಟ್ ವೈಫೈಗೆ ಸೇರಿಕೊಂಡ ಫೋನಿಗೂ ಷೇರ್ ಸಿಗುವುದಿಲ್ಲ, ಗೆಸ್ಟ್ ಜಾಲ ಇರುವುದೇ ತಡೆಯಲಿಕ್ಕೆ.

ಡಿಸ್ಕ್

ಫೈಲ್ ತುಂಬಿರುವ, ವಿಂಡೋಸಿನಲ್ಲಿ ಫಾರ್ಮ್ಯಾಟ್ ಮಾಡಿದ ಹಳೇ ಎನ್‌ಟಿಎಫ್‌ಎಸ್ ಡಿಸ್ಕನ್ನು ಹಾಗೇ ಚುಚ್ಚಿ ಹಂಚಿಬಿಡೋಣ ಅನ್ನಿಸುತ್ತದೆ. ಬೇಡ. ಕರೆಂಟ್ ಹೋಗಿ ಬಂದ ಮೇಲೆ ಅದರ ಮೇಲೆ ಸರಿಯಾಗಿ ಮುಚ್ಚಿಲ್ಲ ಎಂಬ ಗುರುತು ಉಳಿಯುತ್ತದೆ. ಆಗ ಲಿನಕ್ಸ್ ಅದನ್ನು ಓದಲು ಮಾತ್ರ ತೆರೆಯುತ್ತದೆ, ಇಲ್ಲವೇ ತೆರೆಯುವುದೇ ಇಲ್ಲ. ಪೂರ್ತಿ ರಿಪೇರಿಗೆ ಡಿಸ್ಕನ್ನು ಬಿಚ್ಚಿ ವಿಂಡೋಸ್ ಯಂತ್ರಕ್ಕೆ ಒಯ್ಯಬೇಕು. ಒಳಗಿರುವುದನ್ನು ಬೇರೆಡೆಗೆ ಕಾಪಿ ಮಾಡಿ, ನಾಲ್ಕು ಫೈಲ್ ತೆರೆದು ನೋಡಿ, ಆಮೇಲೆ ಲಿನಕ್ಸಿನದೇ ಆದ ಎಕ್ಸ್ಟ್4ಗೆ ಫಾರ್ಮ್ಯಾಟ್ ಮಾಡಿ. ಫಾರ್ಮ್ಯಾಟ್ ಮಾಡುವಾಗ ಮೈನಸ್ ಎಂ 1 ಕೊಡಿ. ಎಕ್ಸ್ಟ್4 ತಾನಾಗಿಯೇ ಶೇಕಡ 5 ಜಾಗವನ್ನು ರೂಟ್‌ಗೆಂದು (ಯಂತ್ರದ ಮೇಲೆ ಪೂರ್ತಿ ಹಕ್ಕಿರುವ ಖಾತೆಗೆಂದು) ಎತ್ತಿಡುತ್ತದೆ. 4 ಟಿಬಿ ಡಿಸ್ಕಿನಲ್ಲಿ ಅದು 200 ಜಿಬಿ. ಬರೀ ಫೈಲ್ ಇಡುವ ಡಿಸ್ಕಿಗೆ ಅಷ್ಟು ಬೇಕಾಗಿಲ್ಲ. ಆಗಲೇ ಫಾರ್ಮ್ಯಾಟ್ ಆಗಿದ್ದರೆ ಟ್ಯೂನ್‌2ಎಫ್‌ಎಸ್‌ನಿಂದ ಇದೇ ಬದಲಾವಣೆ ಮಾಡಬಹುದು, ಡೇಟಾ ಹೋಗುವುದಿಲ್ಲ. ಡಿಸ್ಕಿಗೆ ಒಂದು ಹೆಸರೂ ಕೊಡಿ. ಈ ಬರಹದಲ್ಲಿ ಕಣಜ ಅನ್ನುತ್ತೇನೆ.

ಡೆಸ್ಕ್‌ಟಾಪ್ ಪರದೆ ಇರುವ ಉಬುಂಟುವಿನಲ್ಲಿ ಡಿಸ್ಕ್ ಚುಚ್ಚಿದರೆ ತಾನಾಗಿ ಮೀಡಿಯಾ ಫೋಲ್ಡರಿನೊಳಗೆ, ನಿಮ್ಮ ಹೆಸರಿನ ಕೆಳಗೆ ಮೌಂಟ್ ಆಗುತ್ತದೆ. ಅದನ್ನು ಹಂಚಬೇಡಿ. ಆ ಹೆಸರಿನ ಫೋಲ್ಡರಿಗೆ ನಿಮ್ಮೊಬ್ಬರಿಗೆ ಮಾತ್ರ ಪ್ರವೇಶ. ಅಮ್ಮನ ಹೆಸರಿನಲ್ಲಿ ಬಂದ ಸಾಂಬಾ ಬಾಗಿಲಲ್ಲೇ ನಿಲ್ಲುತ್ತದೆ. ಡಿಸ್ಕ್ ಕೂರಬೇಕಾದ ಜಾಗ ಎಸ್‌ಆರ್‌ವಿ ಕೆಳಗಿನ ಕಣಜ ಎಂಬ ಖಾಲಿ ಫೋಲ್ಡರ್. ಅದನ್ನು ಎಫ್‌ಸ್ಟ್ಯಾಬ್ ಫೈಲಿನಲ್ಲಿ ಬರೆಯಬೇಕು. ಎಸ್‌ಡಿಬಿ1 ಥರದ ಹೆಸರಿನಿಂದಲ್ಲ, ಡಿಸ್ಕಿನ ಕಾಯಂ ಗುರುತಿನ ಸಂಖ್ಯೆಯಾದ ಯುಯುಐಡಿಯಿಂದ. ಇನ್ನೊಂದು ಪೆನ್‌ಡ್ರೈವ್ ಚುಚ್ಚಿ ರೀಸ್ಟಾರ್ಟ್ ಮಾಡಿದರೆ ಎಸ್‌ಡಿಬಿ ಎಸ್‌ಡಿಸಿ ಆಗಬಹುದು, ಯುಯುಐಡಿ ಬದಲಾಗದು. ಬಿಎಲ್‌ಕೆಐಡಿ ಹೊಡೆದರೆ ಆ ಉದ್ದದ ಸಂಖ್ಯೆ ಸಿಗುತ್ತದೆ.

ಆ ಸಾಲಿನಲ್ಲಿ ನೋಫೇಲ್ ಎಂಬ ಪದ ಇರಲೇಬೇಕು. ಅದಿಲ್ಲದೆ ಡಿಸ್ಕ್ ಸಿಗದಿದ್ದರೆ ಯಂತ್ರ ಒಂದೂವರೆ ನಿಮಿಷ ಕಾದು ಎಮರ್ಜೆನ್ಸಿ ಮೋಡಿಗೆ ಬೀಳುತ್ತದೆ, ನೆಟ್‌ವರ್ಕ್ ಮೂಲಕ ಒಳಗೆ ಹೋಗಲಾಗದು, ಮಾನಿಟರ್ ಕೀಬೋರ್ಡ್ ಹೊತ್ತು ತರಬೇಕು. ಆದರೆ ನೋಫೇಲ್ ಹಾಕಿದರೆ ಇನ್ನೊಂದು ಅಪಾಯ ಹುಟ್ಟುತ್ತದೆ. ಡಿಸ್ಕ್ ಇಲ್ಲದೆಯೂ ಯಂತ್ರ ಏಳುತ್ತದೆ, ಸಾಂಬಾ ಏಳುತ್ತದೆ, ಕಣಜ ಎಂಬ ಖಾಲಿ ಫೋಲ್ಡರ್ ಎಂದಿನಂತೆ ಸಿಗುತ್ತದೆ. ಅದಕ್ಕೆ ಬರೆದದ್ದೆಲ್ಲ ಒಳಗಿನ ಸಣ್ಣ ಎಸ್‌ಎಸ್‌ಡಿಯಲ್ಲಿ ತುಂಬುತ್ತದೆ. ನಾಳೆ ಡಿಸ್ಕ್ ಮೌಂಟ್ ಆದಾಗ ಆ ಫೈಲುಗಳು ಅದರ ಅಡಿಯಲ್ಲಿ ಮುಚ್ಚಿಹೋಗುತ್ತವೆ. ಕಾಪಿ ಮಾಡಿದ್ದು ಎಲ್ಲಿ ಹೋಯ್ತು ಅಂತ ಇಡೀ ಮನೆ ಹುಡುಕುತ್ತದೆ. ಇದಕ್ಕೆ ಮದ್ದು ಸುಲಭ: ಡಿಸ್ಕ್ ಮೌಂಟ್ ಮಾಡುವ ಮೊದಲು, ಖಾಲಿ ಫೋಲ್ಡರಿಗೆ ಸಿಎಚ್‌ಎಟಿಟಿಆರ್ ಪ್ಲಸ್ ಐ ಕೊಡಿ. ಆಮೇಲೆ ಡಿಸ್ಕ್ ಇಲ್ಲದಾಗ ರೂಟ್ ಕೂಡ ಅದರೊಳಗೆ ಬರೆಯಲಾರ. ಡಿಸ್ಕ್ ಮೌಂಟ್ ಆದರೆ ಆ ಬೀಗ ಅಡ್ಡ ಬರುವುದಿಲ್ಲ.

ಒಂದೊಂದು ಯುಎಸ್‌ಬಿ ಕೇಸಿಂಗ್ ದೊಡ್ಡ ಕಾಪಿ ನಡುವೆ ಸ್ತಬ್ಧವಾಗುತ್ತದೆ. ಡಿಎಂಇಎಸ್‌ಜಿ ಆಜ್ಞೆ ತೋರಿಸುವುದರಲ್ಲಿ ಯುಎಎಸ್ ಎಂಬ ಅಕ್ಷರಗಳ ಜೊತೆ ಅಬಾರ್ಟ್ ಅಂತ ಸಾಲುಸಾಲಾಗಿ ಕಂಡರೆ ಮೊದಲು ಕೇಬಲ್ ಬದಲಿಸಿ. ಆಗಲೂ ಹೋಗದಿದ್ದರೆ ಕೇಸಿಂಗ್ ಬದಲಿಸಿ. ಡಿಸ್ಕ್ ಕೆಟ್ಟಿದೆಯೋ ಕೇಬಲ್ಲೋ ಅನ್ನುವುದಕ್ಕೆ ಡಿಸ್ಕ್ ತನ್ನ ಆರೋಗ್ಯ ಬರೆದಿಡುವ ಸ್ಮಾರ್ಟ್ ಪಟ್ಟಿಯ ನಾಲ್ಕು ಸಾಲು ಸಾಕು: 5, 197, 198ರಲ್ಲಿ ಸಂಖ್ಯೆ ಏರುತ್ತಿದ್ದರೆ ಡಿಸ್ಕಿನ ಮೇಲ್ಮೈ ಹಾಳಾಗುತ್ತಿದೆ, 199 ಮಾತ್ರ ಏರುತ್ತಿದ್ದರೆ ಸಾಮಾನ್ಯವಾಗಿ ಕೇಬಲ್.

ಜನ, ಗುಂಪು, ಪರ್ಮಿಷನ್

ಗೆಸ್ಟ್ ಷೇರ್ ಮಾಡಬೇಡಿ. ಪಾಸ್‌ವರ್ಡ್ ಇಲ್ಲದ ಷೇರ್ ಸುಲಭ ಅನ್ನಿಸುತ್ತದೆ, ಆದರೆ ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಬಂದ ಮೇಲೆ ಪ್ರೊ ಆವೃತ್ತಿಯಲ್ಲಿ ಅದು ತೆರೆಯುವುದೇ ಇಲ್ಲ. ವಿಂಡೋಸ್‌ನಲ್ಲಿ ಆ ಭದ್ರತೆಯನ್ನು ಆಫ್ ಮಾಡುವ ವಿಧಾನ ಹೇಳುವವರು ಬಹಳ ಜನ ಇದ್ದಾರೆ. ಮನೆಯ ಪ್ರತಿ ಯಂತ್ರದ ಭದ್ರತೆ ಕಡಿಮೆ ಮಾಡುವುದಕ್ಕಿಂತ ಸರ್ವರಿನಲ್ಲಿ ನಾಲ್ಕು ಹೆಸರು, ನಾಲ್ಕು ಪಾಸ್‌ವರ್ಡ್ ಮಾಡುವುದು ಕಡಿಮೆ ಕೆಲಸ.

ಅಪ್ಪ, ಅಮ್ಮ, ಅಕ್ಕ, ಅಣ್ಣ ಇವರೊಬ್ಬೊಬ್ಬರಿಗೂ ಯೂಸರ್‌ಆಡ್ ಆಜ್ಞೆಯಿಂದ ಲಿನಕ್ಸ್ ಖಾತೆ ಮಾಡಿ. ಲಾಗಿನ್ ಆಗಲು ಬಾರದಂತೆ ಶೆಲ್ ಜಾಗದಲ್ಲಿ ನೋಲಾಗಿನ್ ಕೊಡಿ. ಮನೆ ಎಂಬ ಗುಂಪು ಮಾಡಿ ನಾಲ್ವರನ್ನೂ ಸೇರಿಸಿ. ಆಮೇಲೆ ಎಸ್‌ಎಂಬಿಪಾಸ್‌ವರ್ಡ್ ಆಜ್ಞೆಗೆ ಮೈನಸ್ ಎ ಸೇರಿಸಿ ಒಬ್ಬೊಬ್ಬರಿಗೂ ಸಾಂಬಾ ಪಾಸ್‌ವರ್ಡ್ ಕೊಡಬೇಕು. ಆಜ್ಞೆಯ ಕೊನೆಯ ಪದವನ್ನು ಟೈಪ್ ಮಾಡುವಾಗ ಪಾಸ್‌ಡಬ್ಲ್ಯೂಡಿ ಎಂದು ಮೊಟಕಾಗಿ ಬರೆಯಬೇಕು. ಇದು ಲಿನಕ್ಸ್ ಪಾಸ್‌ವರ್ಡಿಗಿಂತ ಬೇರೆ. ಖಾತೆ ಇದ್ದೂ ಒಳಗೆ ಬಿಡುತ್ತಿಲ್ಲ ಅನ್ನುವ ದೂರಿಗೆ ಎಷ್ಟೋ ಸಲ ಈ ಒಂದು ಹೆಜ್ಜೆ ಬಿಟ್ಟುಹೋದದ್ದೇ ಕಾರಣ.

ಕಣಜದೊಳಗೆ ಮನೆ ಎಂಬ ಫೋಲ್ಡರ್ ಮಾಡಿ, ಅದರ ಗುಂಪನ್ನು ಮನೆ ಎಂದು ಬದಲಿಸಿ, ಸಿಎಚ್‌ಮೋಡ್ 2770 ಕೊಡಿ. ಮೊದಲ 2 ಮುಖ್ಯ. ಒಳಗೆ ಯಾರೇ ಹೊಸ ಫೈಲ್ ಮಾಡಿದರೂ ಅದು ಮನೆ ಗುಂಪಿಗೇ ಸೇರುವಂತೆ ಮಾಡುವುದು ಅದು. ಈಗ ಸಾಂಬಾ. ಎಸ್‌ಎಂಬಿ ಡಾಟ್ ಕಾನ್ಫ್ ಫೈಲಿನ ಒಂದು ನಕಲು ಇಟ್ಟುಕೊಂಡು ಕೊನೆಯಲ್ಲಿ ಇಷ್ಟು ಸೇರಿಸಿ:

[ಮನೆ]
ಪಾತ್ = /ಎಸ್‌ಆರ್‌ವಿ/ಕಣಜ/ಮನೆ
ವ್ಯಾಲಿಡ್ ಯೂಸರ್ಸ್ = @ಮನೆ
ರೀಡ್ ಓನ್ಲಿ = ನೋ
ಫೋರ್ಸ್ ಗ್ರೂಪ್ = ಮನೆ
ಕ್ರಿಯೇಟ್ ಮಾಸ್ಕ್ = 0660
ಫೋರ್ಸ್ ಕ್ರಿಯೇಟ್ ಮೋಡ್ = 0660
ಡೈರೆಕ್ಟರಿ ಮಾಸ್ಕ್ = 2770
ಫೋರ್ಸ್ ಡೈರೆಕ್ಟರಿ ಮೋಡ್ = 2770

ಕೊನೆಯ ಐದು ಸಾಲು ಬಿಟ್ಟರೆ ಏನಾಗುತ್ತದೆ ನೋಡಿ. ಅಣ್ಣ ಮನೆ ತೆರಿಗೆಯ ಲೆಕ್ಕದ ಎಕ್ಸೆಲ್ ಹಾಕುತ್ತಾನೆ. ಸಾಂಬಾ ಕೊಡುವ ಮಾಮೂಲಿ ಪರ್ಮಿಷನ್ನಿನಲ್ಲಿ ಮಾಲೀಕನಿಗೆ ಮಾತ್ರ ಬರೆಯುವ ಹಕ್ಕು, ಗುಂಪಿಗೆ ಓದುವುದಷ್ಟೇ. ಅಪ್ಪ ಅದನ್ನು ತೆರೆಯುತ್ತಾರೆ, ಓದುತ್ತಾರೆ, ಒಂದು ಅಂಕಿ ತಿದ್ದಿ ಸೇವ್ ಒತ್ತಿದಾಗ ರೀಡ್ ಓನ್ಲಿ ಅನ್ನುತ್ತದೆ. ಆಗ ಅವರು ಇನ್ನೊಂದು ಹೆಸರಿನಲ್ಲಿ ಸೇವ್ ಮಾಡುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಒಂದೇ ಲೆಕ್ಕದ ಐದು ಪ್ರತಿ ಆಗಿ, ಯಾವುದು ಸರಿ ಅಂತ ಯಾರಿಗೂ ಗೊತ್ತಿರುವುದಿಲ್ಲ. ಮೊದಲೇ ಸರಿಮಾಡಿಕೊಳ್ಳದೆ ತುಂಬಿಸಿದ್ದರೆ ಹಳೆಯ ಫೈಲುಗಳಿಗೂ ಒಮ್ಮೆ ಸಿಎಚ್‌ಜಿಆರ್‌ಪಿ ಮತ್ತು ಸಿಎಚ್‌ಮೋಡ್ ಓಡಿಸಬೇಕು. ಮೇಲಿನ ಸಾಲುಗಳು ಹೊಸ ಫೈಲಿಗೆ ಮಾತ್ರ ಅನ್ವಯ.

ಗ್ಲೋಬಲ್ ಭಾಗದಲ್ಲಿ ಡೆಬಿಯನ್ ಮತ್ತು ಉಬುಂಟು ಕೊಡುವ ಫೈಲಿನಲ್ಲಿ ಮ್ಯಾಪ್ ಟು ಗೆಸ್ಟ್ = ಬ್ಯಾಡ್ ಯೂಸರ್ ಅಂತ ಇರುತ್ತದೆ. ಹೆಸರು ತಪ್ಪಿ ಟೈಪ್ ಮಾಡಿದವರನ್ನು ತಿರಸ್ಕರಿಸದೆ ಸದ್ದಿಲ್ಲದೆ ಗೆಸ್ಟ್ ಮಾಡುವ ಸಾಲು ಅದು. ಆಮೇಲೆ ಬರುವ ದೋಷದ ಸಂದೇಶ ದಾರಿ ತಪ್ಪಿಸುತ್ತದೆ. ಅದನ್ನು ನೆವರ್ ಮಾಡಿದರೆ, ಹೆಸರು ತಪ್ಪಿದಾಗ ಹೆಸರು ತಪ್ಪು ಎಂದೇ ಹೇಳುತ್ತದೆ. ಹೋಸ್ಟ್ಸ್ ಅಲೋ ಸಾಲಿನಲ್ಲಿ 192.168.1. ಮತ್ತು 127. ಇಷ್ಟನ್ನೇ ಕೊಡಿ. ಎಸ್‌ಎಂಬಿ1 (ಫೈಲ್ ಹಂಚಿಕೆಯ ಹಳೇ ಭಾಷೆ) ತಂಟೆಗೆ ಹೋಗಬೇಡಿ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಜಗತ್ತಿನಾದ್ಯಂತ ಹರಡಿದ್ದು ವಿಂಡೋಸಿನ ಆ ಹಳೇ ಎಸ್‌ಎಂಬಿ1ರ ಬಿರುಕಿನಿಂದ. ಸಾಂಬಾ 4.11ರಿಂದ ಅದು ತಾನಾಗಿಯೇ ಆಫ್ ಇದೆ. ಹಳೇ ಟಿವಿಗೆ ಬೇಕು ಅಂತ ಮತ್ತೆ ಆನ್ ಮಾಡುವ ಸಲಹೆ ಕೇಳಬೇಡಿ, ಟಿವಿಗೆ ಮಿನಿಡಿಎಲ್‌ಎನ್‌ಎ ಹಾಕಿ. ವಿಡಿಯೋ ನೋಡಲು ಅಷ್ಟು ಸಾಕು, ಟಿವಿಗೆ ಬರೆಯುವ ಹಕ್ಕೂ ಬೇಕಿಲ್ಲ.

ವಿಂಡೋಸಿನಿಂದ ಷೇರಿನಲ್ಲಿ ಅಳಿಸಿದ ಫೈಲ್ ರೀಸೈಕಲ್ ಬಿನ್ನಿಗೆ ಹೋಗುವುದಿಲ್ಲ, ಹೋದರೆ ಹೋಯಿತು. ಆದ್ದರಿಂದ ಷೇರಿಗೆ ವಿಎಫ್‌ಎಸ್ ಆಬ್ಜೆಕ್ಟ್ಸ್ = ರೀಸೈಕಲ್ ಎಂದು ಸೇರಿಸಿ, ಅಳಿಸಿದ್ದು ಹೋಗಿ ಕೂರುವ ರೆಪಾಸಿಟರಿಗೆ ಚುಕ್ಕೆಯಿಂದ ಶುರುವಾಗುವ ಒಂದು ಹೆಸರು ಕೊಡಿ, ಕೀಪ್‌ಟ್ರೀ, ವರ್ಷನ್ಸ್, ಟಚ್ ಮೂರಕ್ಕೂ ಯೆಸ್ ಹಾಕಿ. ಟಚ್ ಇದ್ದರೆ ಅಳಿಸಿದ ಸಮಯ ಫೈಲಿಗೆ ಅಂಟುತ್ತದೆ, ಹೊತ್ತಿಗೆ ಸರಿಯಾಗಿ ಆಜ್ಞೆ ಓಡಿಸುವ ಕ್ರಾನ್‌ನಲ್ಲಿ 30 ದಿನ ದಾಟಿದ್ದನ್ನು ಗುಡಿಸಿಹಾಕುವ ಒಂದು ಫೈಂಡ್ ಆಜ್ಞೆ ಇಡಬಹುದು. ಈ ಒಂದು ಸೌಲಭ್ಯಕ್ಕೆ ಮನೆಯವರು ಸರ್ವರನ್ನು ನಂಬುತ್ತಾರೆ, ನನ್ನ ಮಟ್ಟಿಗೆ ಇದು ಐಚ್ಛಿಕ ಅಲ್ಲ.

ಬರೆದ ಮೇಲೆ ಟೆಸ್ಟ್‌ಪಾರ್ಮ್ ಹೊಡೆಯಿರಿ, ಕಾಗುಣಿತ ತಪ್ಪಿದ್ದರೆ ಹೇಳುತ್ತದೆ. ಎಸ್‌ಎಂಬಿಡಿ ರೀಸ್ಟಾರ್ಟ್ ಮಾಡಿ. ವಿಂಡೋಸಿಗೆ ಹೋಗುವ ಮೊದಲು ಸರ್ವರಿನಲ್ಲೇ ಕೂತು ಎಸ್‌ಎಂಬಿಕ್ಲೈಂಟ್‌ನಿಂದ ಲೋಕಲ್‌ಹೋಸ್ಟ್‌ನ ಮನೆ ಷೇರನ್ನು ಅಪ್ಪನ ಹೆಸರಿನಲ್ಲಿ ತೆರೆಯಿರಿ, ಒಂದು ಫೈಲ್ ಹಾಕಿ, ಅಳಿಸಿ. ಇಲ್ಲಿ ಆದರೆ ಸಾಂಬಾ, ಡಿಸ್ಕ್, ಪರ್ಮಿಷನ್ ಮೂರೂ ಸರಿ. ಆಮೇಲೆ ಏನೇ ಆದರೂ ಅದು ಜಾಲದ ಅಥವಾ ವಿಂಡೋಸಿನ ಸಮಸ್ಯೆ.

ವಿಂಡೋಸಿನ ಕಡೆಯಿಂದ

ಫೈಲ್ ಎಕ್ಸ್‌ಪ್ಲೋರರಿನ ವಿಳಾಸ ಪಟ್ಟಿಯಲ್ಲಿ ಎರಡು ಹಿಂಗೆರೆ (\), ಐಪಿ, ಒಂದು ಹಿಂಗೆರೆ, ಷೇರಿನ ಹೆಸರು. ನೆಟ್‌ವರ್ಕ್ ಪುಟದಲ್ಲಿ ಸರ್ವರ್ ಕಾಣಿಸುತ್ತಿಲ್ಲ ಅಂತ ಗಾಬರಿ ಬೇಡ. ಈಗಿನ ವಿಂಡೋಸ್ ಹುಡುಕುವ ರೀತಿಗೆ ಸಾಂಬಾ ಉತ್ತರ ಕೊಡುವುದಿಲ್ಲ, ಡಬ್ಲ್ಯುಎಸ್‌ಡಿಡಿ ಎಂಬ ಪುಟ್ಟ ಪ್ಯಾಕೇಜ್ ಹಾಕಿದರೆ ಕಾಣಿಸುತ್ತದೆ. ಕಾಣದಿದ್ದರೂ ವಿಳಾಸ ಹೊಡೆದರೆ ತೆರೆಯುತ್ತದೆ.

0x80070035 ಎಂಬ ಸಂಖ್ಯೆ ಬಂದರೆ ದಾರಿಯೇ ಇಲ್ಲ ಎಂದರ್ಥ. ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಬಳಸಿ ಸರ್ವರಿನ 445ನೇ ಪೋರ್ಟ್ ನೋಡಿ. ಫಾಲ್ಸ್ ಬಂದರೆ ಫೈರ್‌ವಾಲ್, ಎರಡು ರೂಟರ್, ಗೆಸ್ಟ್ ವೈಫೈ ಈ ಮೂರನ್ನು ಪರೀಕ್ಷಿಸಿ. 1219 ಬಂದರೆ ಅದೇ ಯಂತ್ರದಿಂದ ಬೇರೆ ಹೆಸರಿನಲ್ಲಿ ಆಗಲೇ ಸಂಪರ್ಕ ಇದೆ. ಒಂದು ವಿಂಡೋಸ್ ಒಂದು ಸರ್ವರಿಗೆ ಒಂದು ಹೊತ್ತಿಗೆ ಒಂದೇ ಹೆಸರಿನಲ್ಲಿ ಹೋಗಬಲ್ಲದು. ನೆಟ್ ಯೂಸ್ ನಕ್ಷತ್ರ ಡಿಲೀಟ್ ಹೊಡೆದು, ಕ್ರೆಡೆನ್ಷಿಯಲ್ ಮ್ಯಾನೇಜರಿನಲ್ಲಿ ಉಳಿದ ಹಳೇ ನಮೂದನ್ನೂ ತೆಗೆದು, ಮತ್ತೆ ಪ್ರಯತ್ನಿಸಿ. ಪಾಸ್‌ವರ್ಡ್ ಕೇಳಿದಾಗ ವಿಂಡೋಸಿನ ಪಿನ್ ಹಾಕುವವರು ಬಹಳ. ಅದು ಆ ಯಂತ್ರದ ಪಿನ್, ಇಲ್ಲಿ ಬೇಕಾದದ್ದು ಸಾಂಬಾ ಪಾಸ್‌ವರ್ಡ್. ಒಳಗೆ ಹೋಗಿ ಫೋಲ್ಡರ್ ತೆರೆಯುವಾಗ ಆಕ್ಸೆಸ್ ಡಿನೈಡ್ ಬಂದರೆ ಸರ್ವರಿನಲ್ಲಿ ನೇಮ್‌ಐ ಮೈನಸ್ ಎಲ್ ಎಂದು ಪೂರ್ತಿ ದಾರಿ ಕೊಟ್ಟು ಹೊಡೆಯಿರಿ. ಮೊದಲ ಫೋಲ್ಡರಿನಿಂದ ಕೊನೆಯವರೆಗೆ ಪ್ರತಿ ಮೆಟ್ಟಿಲಿನ ಪರ್ಮಿಷನ್ ಸಾಲಾಗಿ ಬರುತ್ತದೆ, ಎಲ್ಲಿ ಎಕ್ಸ್ (ಒಳಹೋಗುವ ಹಕ್ಕು) ಇಲ್ಲವೋ ಅಲ್ಲಿ ತಡೆ.

ಫೋನಿಗೆ ಹೆಚ್ಚು ಹೇಳುವುದಿಲ್ಲ. ಐಫೋನಿನ ಫೈಲ್ಸ್‌ನಲ್ಲೇ ಸರ್ವರಿಗೆ ಸೇರುವ ಆಯ್ಕೆ ಇದೆ, ಆಂಡ್ರಾಯ್ಡಿನಲ್ಲಿ ಎಸ್‌ಎಂಬಿ ಬಲ್ಲ ಫೈಲ್ ಆ್ಯಪ್ ಬೇಕು, ವಿಎಲ್‌ಸಿ ನೇರವಾಗಿ ಓದುತ್ತದೆ. ಫೋಟೋ ತಾನಾಗಿ ಮೇಲೇರಬೇಕೆಂದರೆ ಅದು ಸಾಂಬಾ ಕೆಲಸ ಅಲ್ಲ, ಸಿಂಕ್‌ಥಿಂಗ್ ನೋಡಿ.

ಕನ್ನಡ ಹೆಸರಿನ ಫೈಲುಗಳು

ಇದು ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಸಿಗುವುದು ಅಪರೂಪ, ನಮ್ಮಂಥ ಲಿಪಿಯವರನ್ನು ಕಾಡುವಂಥದ್ದು. ಎಕ್ಸ್ಟ್4ನಲ್ಲಿ ಒಂದು ಹೆಸರು 255 ಬೈಟ್ ಮೀರುವಂತಿಲ್ಲ. ಕನ್ನಡದ ಪ್ರತಿ ಯುನಿಕೋಡ್ ಚಿಹ್ನೆಗೆ ಯುಟಿಎಫ್-8ರಲ್ಲಿ 3 ಬೈಟ್. ಅಂದರೆ 85 ಚಿಹ್ನೆ. ಶ್ರೀ ನೋಡಲು ಒಂದೇ ಅಕ್ಷರ, ಒಳಗೆ ಶ, ವಿರಾಮ, ರ, ದೀರ್ಘದ ಗುರುತು ಸೇರಿ ನಾಲ್ಕು ಚಿಹ್ನೆ, 12 ಬೈಟ್. ಒತ್ತು, ಗುಣಿತ ಸೇರಿದರೆ ಮೂವತ್ತೈದು ನಲವತ್ತು ಅಕ್ಷರಕ್ಕೇ ಮಿತಿ ಮುಟ್ಟುತ್ತದೆ. ವಿಂಡೋಸ್ ಇದೇ ಹೆಸರನ್ನು ಬೈಟಿನಲ್ಲಿ ಎಣಿಸುವುದಿಲ್ಲ, ಅದರಲ್ಲಿ ಮೂರು ಪಟ್ಟು ಉದ್ದ ಹಿಡಿಯುತ್ತದೆ. ಹಾಗಾಗಿ ಅಲ್ಲಿ ಸುಖವಾಗಿದ್ದ ಸುತ್ತೋಲೆಯ ಪಿಡಿಎಫ್, ಮದುವೆ ಕರೆಯೋಲೆಯ ಉದ್ದ ಹೆಸರಿನ ಫೈಲ್, ಷೇರಿಗೆ ಕಾಪಿ ಆಗುವಾಗ ಹೆಸರು ಉದ್ದವಾಯಿತು ಎಂದು ನಿಲ್ಲುತ್ತದೆ. ಸಾವಿರ ಫೈಲಿನ ಕಾಪಿಯಲ್ಲಿ ಇಂಥ ಎರಡು ಬಿಟ್ಟುಹೋದರೆ ಗೊತ್ತೇ ಆಗದು. ಹೆಸರು ಮೊಟಕು ಮಾಡಿ, ವಿವರವನ್ನು ಫೋಲ್ಡರಿಗೆ ವರ್ಗಾಯಿಸಿ.

ಎರಡನೆಯದು ಒಂದೇ ಹೆಸರಿನ ಎರಡು ಫೈಲ್ ಪಕ್ಕಪಕ್ಕ ಕಾಣುವುದು. ಫೋ ಎಂಬ ಅಕ್ಷರದ ಓಕಾರವನ್ನು ಯುನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ, ಕೊಂಬು, ದೀರ್ಘ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಎಚ್‌ಎಫ್‌ಎಸ್ ಪ್ಲಸ್ ಇರುವ ಹಳೇ ಮ್ಯಾಕ್ ಡಿಸ್ಕುಗಳು ಬಿಡಿಸಿ ಇಡುತ್ತವೆ. ಅಲ್ಲಿಂದ ಆರ್‌ಸಿಂಕ್ (ಫೋಲ್ಡರ್ ನಕಲಿಸುವ ಆಜ್ಞೆ) ಮಾಡಿದ ಫೋಟೋ ಎಂಬ ಫೋಲ್ಡರೂ ವಿಂಡೋಸಿನಿಂದ ಬಂದ ಫೋಟೋ ಎಂಬ ಫೋಲ್ಡರೂ ಲಿನಕ್ಸಿಗೆ ಬೇರೆ ಬೇರೆ. ಕಾನ್ವ್‌ಎಂವಿ ಎಂಬ ಸಲಕರಣೆ ಎಲ್ಲವನ್ನೂ ಕೂಡಿಸಿದ ರೂಪಕ್ಕೆ ತರುತ್ತದೆ. ಅದು ಮೊದಲು ಬರೀ ತೋರಿಸುತ್ತದೆ, ನೋಟೆಸ್ಟ್ ಸೇರಿಸಿದರೆ ಮಾತ್ರ ನಿಜವಾಗಿ ಬದಲಿಸುತ್ತದೆ, ಆದ್ದರಿಂದ ಧೈರ್ಯವಾಗಿ ಓಡಿಸಿ ನೋಡಬಹುದು. ಸಾಫ್ಟ್‌ವೇರ್ ಥರದ ಪದಗಳ ನಡುವೆ ಕಣ್ಣಿಗೆ ಕಾಣದ ಜೋಡಣೆ ತಡೆಯುವ ಚಿಹ್ನೆ ಇರುತ್ತದೆ. ಒಬ್ಬರು ಅದನ್ನು ಹಾಕಿ ಇನ್ನೊಬ್ಬರು ಬಿಟ್ಟರೆ ಹುಡುಕಿದಾಗ ಸಿಗದು. ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಬೇರೆ ಕಂಪ್ಯೂಟರಿನಲ್ಲಿ ಗೊಂದಲದ ಅಕ್ಷರವಾಗಿ ತೆರೆದರೆ ಸರ್ವರನ್ನು ದೂರಬೇಡಿ, ಆ ಯಂತ್ರದಲ್ಲಿ ಫಾಂಟ್ ಇಲ್ಲ ಅಷ್ಟೇ.

ಅಂಗಡಿ ಲೆಕ್ಕ, ಬ್ಯಾಕಪ್, ಹೊರಗಿನ ಬಾಗಿಲು

ಅಡಿಕೆ ಮಂಡಿ, ಮೆಕ್ಕೆಜೋಳದ ವ್ಯಾಪಾರ ಇರುವ ಮನೆಗಳಲ್ಲಿ ಅಂಗಡಿ ಲೆಕ್ಕವೂ ಇದೇ ಸರ್ವರಿಗೆ ಬರುತ್ತದೆ. ಲೆಕ್ಕದ ಸಾಫ್ಟ್‌ವೇರಿನ ಡೇಟಾ ಫೈಲನ್ನು ಎರಡು ಯಂತ್ರ ಒಟ್ಟಿಗೆ ತೆರೆದು ಬರೆಯುವುದಾದರೆ ಅದನ್ನು ಮನೆ ಷೇರಿನಲ್ಲಿ ಬೆರೆಸಬೇಡಿ. ಬೇರೆ ಷೇರ್ ಮಾಡಿ, ಆಪ್‌ಲಾಕ್ಸ್ ಮತ್ತು ಲೆವೆಲ್2 ಆಪ್‌ಲಾಕ್ಸ್ ಎರಡಕ್ಕೂ ನೋ ಕೊಡಿ. ಆಪ್‌ಲಾಕ್ ಇದ್ದಾಗ ವಿಂಡೋಸ್ ಬರೆದದ್ದನ್ನು ಸ್ವಲ್ಪ ಹೊತ್ತು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಆ ನಡುವೆ ವೈಫೈ ಕಡಿದರೆ ಡೇಟಾ ಅರ್ಧಂಬರ್ಧ. ಅಂಥ ಯಂತ್ರಗಳಿಗೆ ಕೇಬಲ್ ಕಡ್ಡಾಯ.

445ನೇ ಪೋರ್ಟನ್ನು ರೂಟರಿನಿಂದ ಇಂಟರ್ನೆಟ್ಟಿಗೆ ತೆರೆಯಬೇಡಿ, ಒಂದು ದಿನಕ್ಕೂ ಬೇಡ. ಬೆಂಗಳೂರಿನಲ್ಲಿರುವ ಮಗಳಿಗೂ ಫೈಲ್ ಬೇಕೆಂದರೆ ವಿಪಿಎನ್ (ಹೊರಗಿನಿಂದ ಮನೆಯ ಜಾಲಕ್ಕೆ ಗುಪ್ತ ದಾರಿ) ಮಾಡಿ. ರೂಟರಿನ ಹೊರಗಿನ ಐಪಿ 100.64ರಿಂದ 100.127ರ ನಡುವೆ ಇದ್ದರೆ ನಿಮಗೆ ಸ್ವಂತ ಸಾರ್ವಜನಿಕ ಐಪಿ ಇಲ್ಲ, ವೈರ್‌ಗಾರ್ಡ್ ಎಂಬ ವಿಪಿಎನ್ ಅನ್ನು ನೇರವಾಗಿ ಮನೆಯಲ್ಲಿ ನಿಲ್ಲಿಸಿದರೆ ಹೊರಗಿನಿಂದ ಮುಟ್ಟಲಾಗದು. ಟೇಲ್‌ಸ್ಕೇಲ್ ಎಂಬ ಇನ್ನೊಂದು ವಿಪಿಎನ್ ಅಲ್ಲಿಯೂ ಕೆಲಸ ಮಾಡುತ್ತದೆ. ಅದನ್ನು ಹಾಕಿದರೆ ಹೋಸ್ಟ್ಸ್ ಅಲೋ ಸಾಲಿಗೆ ಅದರ ವಿಳಾಸಗಳನ್ನೂ ಸೇರಿಸಬೇಕು, ಇಲ್ಲದಿದ್ದರೆ ಪಿಂಗ್ ಹೋಗುತ್ತದೆ, ಷೇರ್ ತೆರೆಯುವುದಿಲ್ಲ.

ಷೇರ್ ಬ್ಯಾಕಪ್ ಅಲ್ಲ. ಎರಡು ಡಿಸ್ಕಿಗೂ ಒಟ್ಟಿಗೆ ಬರೆಯುವ ರೇಡ್ ಕೂಡ ಅಲ್ಲ, ಅಳಿಸಿದ್ದನ್ನು ಅದು ಎರಡೂ ಕಡೆ ಅಳಿಸುತ್ತದೆ. ಒಂದು ವಿಂಡೋಸಿಗೆ ರ‍್ಯಾನ್ಸಮ್‌ವೇರ್ ಹೊಕ್ಕರೆ ಆ ಯಂತ್ರಕ್ಕೆ ಬರೆಯುವ ಹಕ್ಕಿರುವ ಷೇರೂ ಬೀಗ ಬೀಳುತ್ತದೆ. ಹಳೇ ಫೋಟೋಗಳ ಷೇರನ್ನು ಎಲ್ಲರಿಗೂ ಓದಲು ಮಾತ್ರ ಮಾಡಿ, ರೈಟ್ ಲಿಸ್ಟಿನಲ್ಲಿ ಒಬ್ಬರನ್ನು ಇಡಿ. ಬ್ಯಾಕಪ್‌ಗೆ ಬೇರೆ ಡಿಸ್ಕ್ ಬೇಕು, ಕೆಲಸ ಮುಗಿದ ಮೇಲೆ ಅದನ್ನು ಬಿಚ್ಚಿಡಬೇಕು. ಆರ್‌ಸಿಂಕ್‌ಗೆ ಬರೀ ಡಿಲೀಟ್ ಕೊಟ್ಟರೆ ಮೂಲದಲ್ಲಿ ಹೋದದ್ದು ನಕಲಿನಲ್ಲೂ ಹೋಗುತ್ತದೆ. ಲಿಂಕ್-ಡೆಸ್ಟ್ ಬಳಸಿ ವಾರಕ್ಕೊಂದು ದಿನಾಂಕದ ಫೋಲ್ಡರ್ ಮಾಡಿದರೆ ಬದಲಾಗದ ಫೈಲ್ ಎರಡನೇ ಸಲ ಜಾಗ ತಿನ್ನುವುದಿಲ್ಲ, ಹಿಂದಿನ ವಾರದ ಸ್ಥಿತಿಯೂ ಉಳಿಯುತ್ತದೆ. ಈ ಡಿಸ್ಕನ್ನೂ ಎಕ್ಸ್ಟ್4ಗೇ ಫಾರ್ಮ್ಯಾಟ್ ಮಾಡಿ, ಎಕ್ಸ್‌ಫ್ಯಾಟ್‌ನಲ್ಲಿ ಹಾರ್ಡ್ ಲಿಂಕ್ (ಒಂದೇ ಫೈಲಿಗೆ ಎರಡು ಹೆಸರು ಕೊಡುವ ಸೌಲಭ್ಯ) ಇಲ್ಲದ್ದರಿಂದ ಪ್ರತಿ ವಾರವೂ ಪೂರ್ತಿ ನಕಲಾಗಿ ಡಿಸ್ಕ್ ತುಂಬಿಹೋಗುತ್ತದೆ. ಎರಡನೇ ನಕಲಿನ ಡಿಸ್ಕ್ ಹರಿಹರದಲ್ಲೋ ಹಿರಿಯೂರಿನಲ್ಲೋ ನಂಬಿಕೆಯ ನೆಂಟರ ಮನೆಯಲ್ಲಿರಲಿ, ಹಬ್ಬಕ್ಕೆ ಹೋದಾಗ ಅದಲುಬದಲು ಮಾಡಬಹುದು. ಬದಲಿಸುವ ಮೊದಲು ಆ ಡಿಸ್ಕಿನಿಂದ ಒಂದು ಹಳೇ ವರ್ಷದ ಫೋಲ್ಡರ್ ಆರಿಸಿ ಲ್ಯಾಪ್‌ಟಾಪಿಗೆ ವಾಪಸು ತೆಗೆದು, ಒಳಗಿನ ಫೋಟೋ ಮತ್ತು ಪಿಡಿಎಫ್ ತೆರೆದು ನೋಡಿ. ತೆರೆಯದಿದ್ದರೆ ಹೊಸ ಡಿಸ್ಕಿಗೆ ಮೊದಲಿನಿಂದ ನಕಲು ಮಾಡಿ, ಹಳೆಯದರ ಮೇಲೆ ದಿನಾಂಕ ಮತ್ತು ದೋಷವನ್ನು ಮಾರ್ಕರಿನಲ್ಲಿ ಬರೆದಿಡಿ.